ಅರ್ಥಿಂಗ್ ಇಲ್ಲದ ಪಡಸಾಲೆಯಲ್ಲಿ ಎಲೆಕ್ಟ್ರಿಕ್ ಗಾಡಿ

ಬೈಲಹೊಂಗಲದಿಂದ ಸವದತ್ತಿ ಕಡೆಗೋ, ಕಿತ್ತೂರಿನಿಂದ ಒಳಹಳ್ಳಿಗಳ ಕಡೆಗೋ ಹೊರಟರೆ ಈಗ ದಾರಿಯಲ್ಲಿ ಸದ್ದಿಲ್ಲದ ಗಾಡಿಗಳು ಎದುರಾಗುತ್ತವೆ. ಕಂಪನಿ ಸ್ಕೂಟರುಗಳೇ ಹೆಚ್ಚು, ನಿಜ. ಆದರೆ ನಡುನಡುವೆ ಬೇರೆ ಥರದವೂ ಕಾಣುತ್ತವೆ. ಎಂಜಿನ್ ಕಿತ್ತುಹಾಕಿ ಹಿಂದಿನ ಗಾಲಿಗೆ ಹಬ್ ಮೋಟಾರ್ ಕೂರಿಸಿದ ಹಳೇ ಮೊಪೆಡ್, ಕಿಟ್ ಹಾಕಿಸಿಕೊಂಡ ಸೈಕಲ್, ಲೆಡ್ ಆಸಿಡ್ ಬ್ಯಾಟರಿ ತೆಗೆಸಿ ಲಿಥಿಯಂ ಪ್ಯಾಕ್ ಕಟ್ಟಿಸಿಕೊಂಡ ಇ-ರಿಕ್ಷಾ, ಮೇವು-ಗೊಬ್ಬರ ಹೊರೋಕೆ ಅಂತಲೇ ವೆಲ್ಡಿಂಗ್ ಅಂಗಡಿಯಲ್ಲಿ ಹುಟ್ಟಿದ ಮೂರು ಗಾಲಿಯ ಬಂಡಿ.

ಈ ಕೈಚಳಕವನ್ನು ಹಗುರವಾಗಿ ನೋಡುವವನು ನಾನಲ್ಲ. ಎಂಜಿನಿಯರಿಂಗ್ ಓದುವಾಗ ನಾವು ನಾಲ್ಕು ವರ್ಷ ಬೋರ್ಡಿನ ಮೇಲೆ ನೋಡಿದ್ದನ್ನು ಇವರು ಒಂದು ಮಲ್ಟಿಮೀಟರ್ ಮತ್ತು ಮೊಬೈಲ್ ವಿಡಿಯೋ ಇಟ್ಟುಕೊಂಡು ಓಡಿಸಿ ತೋರಿಸುತ್ತಾರೆ. ಪೆಟ್ರೋಲ್ ಲೀಟರಿಗೆ ನೂರು ರೂಪಾಯಿ ದಾಟಿದ ಮೇಲೆ ದಿನಕ್ಕೆ ಮೂವತ್ತು-ನಲವತ್ತು ಕಿಲೋಮೀಟರ್ ಓಡಾಡುವವರು ಹೀಗೆ ಯೋಚಿಸೋದು ಸಹಜ. ಸಮಸ್ಯೆ ಶುರುವಾಗೋದು ಗಾಡಿ ಓಡುವಾಗ ಅಲ್ಲ, ರಾತ್ರಿ ಅದು ಮನೆಗೆ ಬಂದು ನಿಂತಾಗ. ಅದನ್ನು ಚುಚ್ಚುವ ಪ್ಲಗ್ ಪಾಯಿಂಟಿನ ಹಿಂದೆ ಏನಿದೆ ಅನ್ನೋದನ್ನು ಯಾರೂ ನೋಡುತ್ತಿಲ್ಲ. ಗಾಡಿ ಕಟ್ಟಿದವನೂ ನೋಡುವುದಿಲ್ಲ, ಹೆಸ್ಕಾಂ ನೋಡುವುದಿಲ್ಲ, ಆರ್‌ಟಿಒ ನೋಡುವುದಿಲ್ಲ.

ಲೆಕ್ಕ ಮನೆಯ ಕಡೆಗೇ ಎಳೆಯುತ್ತೆ

ಸಾಮಾನ್ಯವಾಗಿ ಕಟ್ಟುವ ಪ್ಯಾಕ್ ಒಂದನ್ನು ತಗೊಳ್ಳಿ: 48 ವೋಲ್ಟ್, 30 ಆಂಪಿಯರ್-ಅವರ್. ಅಂದರೆ ಸುಮಾರು ಒಂದೂವರೆ ಯೂನಿಟ್ ವಿದ್ಯುತ್. ಚಾರ್ಜರಿನಲ್ಲಿ ಪೋಲಾಗುವುದನ್ನೂ ಸೇರಿಸಿದರೆ ಒಂದು ಸಲ ತುಂಬಿಸೋಕೆ ಎರಡು ಯೂನಿಟ್ ಒಳಗೇ ಆಗುತ್ತದೆ. ತಿಂಗಳಿಗೆ ಇಪ್ಪತ್ತು ಸಲ ಚಾರ್ಜ್ ಮಾಡಿದರೂ ನಲವತ್ತು ಯೂನಿಟ್ ದಾಟುವುದಿಲ್ಲ. 2023ರ ಗೃಹಜ್ಯೋತಿ ಯೋಜನೆಯಲ್ಲಿ ಮನೆಯ ಹಿಂದಿನ ಸರಾಸರಿಗೆ ಶೇ 10 ಸೇರಿಸಿದ ಮಿತಿಯೊಳಗೆ, ಗರಿಷ್ಠ 200 ಯೂನಿಟ್‌ವರೆಗೆ ಕರೆಂಟ್ ಉಚಿತ. ಆ ಮಿತಿಯಲ್ಲಿ ಸ್ವಲ್ಪ ಜಾಗ ಇದ್ದ ಮನೆಗೆ ಗಾಡಿ ಓಡಿಸುವ ಖರ್ಚು ಹೆಚ್ಚುಕಡಿಮೆ ಸೊನ್ನೆ.

ಇನ್ನು ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳ ವಿಷಯ. 2017ರಲ್ಲಿ ದೇಶದಲ್ಲೇ ಮೊದಲು ಎಲೆಕ್ಟ್ರಿಕ್ ವಾಹನ ನೀತಿ ತಂದ ರಾಜ್ಯ ನಮ್ಮದು. ಆದರೆ ಕೇಂದ್ರಗಳಲ್ಲಿ ದೊಡ್ಡ ಪಾಲು ಬೆಂಗಳೂರು ನಗರದಲ್ಲೇ ಕೂತಿದೆ. ರಾಮದುರ್ಗ ತಾಲ್ಲೂಕಿನ ಹಳ್ಳಿಯವನು ಕೇಂದ್ರ ಹುಡುಕಿಕೊಂಡು ಹೋಗೋಕೆ ಆಗೋದಿಲ್ಲ, ಹೋಗುವ ಅಗತ್ಯವೂ ಅವನಿಗೆ ಕಾಣೋದಿಲ್ಲ. ಮನೆಯಲ್ಲಿ ಚಾರ್ಜ್ ಮಾಡಿಕೊಳ್ಳೋದಕ್ಕೆ ಕೇಂದ್ರ ಇಂಧನ ಸಚಿವಾಲಯದ ಮಾರ್ಗಸೂಚಿಯಲ್ಲೂ ಅವಕಾಶ ಇದೆ. ಹಾಗಾಗಿ ಈ ಭಾಗದ ಎಲೆಕ್ಟ್ರಿಕ್ ವಾಹನದ ಭವಿಷ್ಯ ಅಂದರೆ ಮನೆಯ ಗೋಡೆಯ ಮೇಲಿನ ಒಂದು ಸಾಕೆಟ್ ಅಷ್ಟೇ.

ಆ ಗೋಡೆ ಎಂಥದ್ದು? ನಮ್ಮ ಕಡೆ ಎಷ್ಟೋ ಮಾಳಿಗೆ ಮನೆಗಳಿಗೆ ಕರೆಂಟ್ ಬಂದಿದ್ದೇ ಭಾಗ್ಯಜ್ಯೋತಿ, ಕುಟೀರಜ್ಯೋತಿಯ ಮೂಲಕ. ಒಂದು ಬಲ್ಬಿಗೆ ಅಂತ ಎಳೆದ ತಂತಿ ಅದು. ಆಮೇಲೆ ಅದೇ ತಂತಿಗೆ ಫ್ಯಾನ್ ಬಂತು, ಟಿವಿ ಬಂತು, ಮಿಕ್ಸರ್ ಬಂತು, ನೀರಿನ ಮೋಟಾರ್ ಬಂತು. ಮೇನ್ ಸ್ವಿಚ್ಚಿನ ಪಕ್ಕದ ಫ್ಯೂಸ್ ಪದೇಪದೇ ಹೋಗುತ್ತೆ ಅಂತ ಅದಕ್ಕೆ ದಪ್ಪ ತಂತಿ ಸುತ್ತಿದ್ದೂ ಆಯಿತು. ಈಗ ಅದರ ತುದಿಗೆ ಐದಾರು ಗಂಟೆ ಬಿಡದೆ ಎಳೆಯುವ ಚಾರ್ಜರ್ ಬಂದಿದೆ.

ಈ "ಬಿಡದೆ" ಅನ್ನೋದು ಮುಖ್ಯ. ಮಿಕ್ಸರ್ ಎರಡು ನಿಮಿಷ ಓಡುತ್ತೆ, ಇಸ್ತ್ರಿಪೆಟ್ಟಿಗೆ ಹತ್ತು ನಿಮಿಷ. ಚಾರ್ಜರ್ ಮಾತ್ರ ಮನೆಮಂದಿ ಮಲಗಿರುವಾಗ ಇಡೀ ರಾತ್ರಿ ಎಳೆಯುತ್ತಿರುತ್ತದೆ. ಸಡಿಲವಾದ ಹಳೇ ಸಾಕೆಟ್‌ನಲ್ಲಿ ಅರ್ಧ ಓಮ್‌ನಷ್ಟು ತಡೆ ಇದೆ ಅಂದುಕೊಳ್ಳಿ. 4 ಆಂಪಿಯರ್ ಹರಿದರೆ ಆ ಒಂದು ಚುಕ್ಕೆಯಲ್ಲಿ 8 ವ್ಯಾಟ್ ಶಾಖ ಹುಟ್ಟುತ್ತದೆ. ದೊಡ್ಡ ಚಾರ್ಜರ್ ಹಾಕಿ 13 ಆಂಪಿಯರ್ ಎಳೆದರೆ ಸುಮಾರು 85 ವ್ಯಾಟ್. ಬೆಸುಗೆ ಹಾಕುವ ಸೋಲ್ಡರಿಂಗ್ ಕಡ್ಡಿಗಿಂತ ಹೆಚ್ಚು ಶಾಖ, ಅದೂ ಪ್ಲಾಸ್ಟಿಕ್ ಡಬ್ಬಿಯೊಳಗೆ. ಸಾಕೆಟ್ ಕಪ್ಪಾಗೋದು, ಪ್ಲಗ್ಗಿನ ಪಿನ್ ಅಂಟಿಕೊಳ್ಳೋದು, ಸುಟ್ಟ ವಾಸನೆ ಬರೋದು ಎಲ್ಲ ಇದರ ಗುರುತುಗಳೇ. ಮೇಲೆ ಕಟ್ಟಿಗೆಯ ಜಂತಿ, ಮೂಲೆಯಲ್ಲಿ ಮಾರುಕಟ್ಟೆಗೆ ಕಾದಿರುವ ಹತ್ತಿ, ಹಿತ್ತಲಲ್ಲಿ ಮೇವಿನ ಬಣವೆ. ರಾಮದುರ್ಗದ ನೇಕಾರರ ಮನೆಯಾದರೆ ಮಗ್ಗ ಮತ್ತು ನೂಲು. ಇಂಥ ಮನೆಯಲ್ಲಿ ಒಂದು ಕಿಡಿ ಎಷ್ಟು ದೂರ ಹೋಗಬಲ್ಲದು ಅಂತ ಬೇರೆ ಹೇಳಬೇಕಿಲ್ಲ.

ಮೂರನೇ ಪಿನ್ನಿನ ಕತೆ

ಗಾಡಿ ಕಟ್ಟುವವರ ಜೊತೆ ಮಾತಾಡಿದರೆ ಒಂದು ದೂರು ಬಹಳ ಸಲ ಕೇಳುತ್ತದೆ: ಚಾರ್ಜ್‌ಗೆ ಹಾಕಿದಾಗ ಗಾಡಿ ಮುಟ್ಟಿದರೆ ಜುಮ್ ಅನ್ನುತ್ತೆ. "ಏನಾಗೂದಿಲ್ಲ ತಗೋರಿ, ಚಪ್ಪಲಿ ಹಾಕ್ಕೊಂಡು ಮುಟ್ರಿ" ಅನ್ನೋದು ಅದಕ್ಕೆ ಸಿಗುವ ಪರಿಹಾರ.

ಜುಮ್ ಅನ್ನೋದಕ್ಕೆ ಕಾರಣ ಸರಳ. ಚಾರ್ಜರಿನ ಒಳಗೆ ವಿದ್ಯುತ್ತಿನ ಗದ್ದಲ ಸೋಸಲು ಚಿಕ್ಕ ಕೆಪಾಸಿಟರ್‌ಗಳಿರುತ್ತವೆ. ಅವು ಸೋರುವ ಅತಿಸಣ್ಣ ಕರೆಂಟನ್ನು ಮೂರನೇ ಪಿನ್, ಅಂದರೆ ಅರ್ಥ್ ಪಿನ್, ನೆಲಕ್ಕೆ ಇಳಿಸಬೇಕು. ಅರ್ಥ್ ಇಲ್ಲದಿದ್ದರೆ ಲೋಹದ ಮೈ 230 ವೋಲ್ಟಿನ ಅರ್ಧದಷ್ಟು ಒತ್ತಡಕ್ಕೆ ಏರಿ ನಿಲ್ಲುತ್ತದೆ. ಅದರಿಂದ ಹರಿಯುವ ಕರೆಂಟ್ ಜೀವ ತೆಗೆಯುವಷ್ಟಿರೋದಿಲ್ಲ. ಆದರೆ ಅದು ನಿಮ್ಮ ಮನೆಯಲ್ಲಿ ಅರ್ಥಿಂಗ್ ಇಲ್ಲ ಅಂತ ಗಾಡಿಯೇ ಹೇಳುತ್ತಿರುವ ಸುದ್ದಿ. ನಾಳೆ ಚಾರ್ಜರಿನ ಒಳಗೆ ನಿಜವಾದ ದೋಷ ಆದರೆ ಅದೇ ಮೈ ಪೂರ್ತಿ 230 ವೋಲ್ಟಿಗೆ ಬರುತ್ತದೆ. ಒದ್ದೆ ಕೈಕಾಲಿನ ಮನುಷ್ಯನ ದೇಹದ ತಡೆ ಸುಮಾರು ಸಾವಿರ ಓಮ್ ಅಂತ ಇಟ್ಟುಕೊಂಡರೂ 230 ಮಿಲಿಆಂಪಿಯರ್ ಹರಿಯುತ್ತದೆ. ಜೀವರಕ್ಷಣೆಗೆ ಇಟ್ಟಿರುವ ಮಿತಿ 30.

ಫ್ಯೂಸ್ ಅಥವಾ ಎಂಸಿಬಿ ಇದೆಯಲ್ಲ ಅಂತ ಬಹಳ ಜನ ಕೇಳುತ್ತಾರೆ. ಎಂಸಿಬಿ ಇರೋದು ತಂತಿಯನ್ನು ಕಾಯೋಕೆ, ಮನುಷ್ಯನನ್ನಲ್ಲ. ಹೆಸರಿಗೆ ಒಂದು ಅರ್ಥಿಂಗ್ ಪೈಪ್ ಇದೆ, ಆದರೆ ಅದರ ತಡೆ 50 ಓಮ್ ಅಂದುಕೊಳ್ಳಿ. ಫೇಸ್ ತಂತಿ ಗಾಡಿಯ ಮೈಗೆ ತಾಗಿದಾಗ ನೆಲಕ್ಕೆ ಹರಿಯೋದು 4.6 ಆಂಪಿಯರ್. 16 ಆಂಪಿಯರಿನ ಎಂಸಿಬಿಗೆ ಅದು ಸಾಮಾನ್ಯ ಬಳಕೆ ಥರ ಕಾಣುತ್ತದೆ, ಬೀಳೋದೇ ಇಲ್ಲ. ಗಾಡಿ ಬೆಳಗಿನವರೆಗೂ ಕರೆಂಟ್ ಹೊತ್ತುಕೊಂಡೇ ನಿಂತಿರುತ್ತದೆ. ಇದೇ ಜಾಗದಲ್ಲಿ ಆರ್‌ಸಿಸಿಬಿ ಇದ್ದರೆ ಕತೆ ಬೇರೆ. ಹೋದ ಕರೆಂಟಿಗೂ ವಾಪಸ್ ಬಂದ ಕರೆಂಟಿಗೂ 30 ಮಿಲಿಆಂಪಿಯರ್ ವ್ಯತ್ಯಾಸ ಕಂಡರೆ ಸಾಕು, ಕಣ್ಣು ಮಿಟುಕಿಸುವುದರೊಳಗೆ ಕಡಿದುಹಾಕುತ್ತದೆ. ಒಂದು ಮನೆಗೆ ಸಾಕಾಗುವ ಆರ್‌ಸಿಸಿಬಿ ಬೆಲೆ ಎರಡು ಸಾವಿರ ರೂಪಾಯಿ ಆಸುಪಾಸು. ಗಾಡಿಯ ಒಂದು ಟೈರಿನ ದುಡ್ಡು.

ನಮ್ಮ ನೆಲದ ಗುಣವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಬೈಲಹೊಂಗಲ, ಸವದತ್ತಿ, ರಾಮದುರ್ಗದ ಎರೆಮಣ್ಣು ಹಸಿ ಇದ್ದಾಗ ಅರ್ಥಿಂಗ್‌ಗೆ ಬಹಳ ಒಳ್ಳೆಯದು. ಆದರೆ ಬೇಸಿಗೆಯಲ್ಲಿ ಅದೇ ಎರೆ ಕುಗ್ಗಿ ಬಿರುಕು ಬಿಡುತ್ತದೆ. ಪೈಪಿಗೂ ಮಣ್ಣಿಗೂ ನಡುವೆ ಸಂದು ಬೀಳುತ್ತದೆ. ಮಳೆಗಾಲದಲ್ಲಿ ಪರೀಕ್ಷೆ ಮಾಡಿ ಪಾಸಾದ ಅರ್ಥಿಂಗ್ ಏಪ್ರಿಲ್‌ನಲ್ಲಿ ಫೇಲ್ ಆಗಿರಬಹುದು. ಕಲ್ಲುನೆಲ ಇರುವ ಗುಡ್ಡದ ಬದಿಯ ಊರುಗಳಲ್ಲಿ ಎರಡೂವರೆ ಮೀಟರ್ ಪೈಪ್ ಇಳಿಸೋದೇ ಕಷ್ಟ, ಹಾಗಾಗಿ ಅರ್ಧಕ್ಕೇ ಕೊಯ್ದು ಹೂತಿರುತ್ತಾರೆ. ಇದ್ದಿಲು, ಉಪ್ಪು ಹಾಕಿ, ಬೇಸಿಗೆಯಲ್ಲಿ ಆಗಾಗ ನೀರು ಹೊಯ್ಯಬೇಕು ಅನ್ನೋದು ಹಳೇ ಎಲೆಕ್ಟ್ರಿಷಿಯನ್ನರಿಗೆಲ್ಲ ಗೊತ್ತಿದ್ದ ಮಾತು. ಈಗ ಆ ಗುಂಡಿಯ ಮೇಲೆ ಕಾಂಕ್ರೀಟ್ ಬಿದ್ದು ಮರೆತೇ ಹೋಗಿರುತ್ತದೆ.

ಇದಕ್ಕಿಂತ ಅಪಾಯದ ಒಂದು ಅಡ್ಡದಾರಿ ಇದೆ. ಅರ್ಥ್ ಇಲ್ಲದ ಸಾಕೆಟ್‌ನಲ್ಲಿ ನ್ಯೂಟ್ರಲ್ಲಿಗೇ ಒಂದು ತುಂಡು ತಂತಿ ಕೂಡಿಸಿ ಅರ್ಥ್ ಪಿನ್ನಿಗೆ ಕೊಡೋದು. ಜುಮ್ ಅನ್ನೋದು ನಿಲ್ಲುತ್ತೆ, ಟೆಸ್ಟರ್ ಬಲ್ಬೂ ಉರಿಯುತ್ತೆ, ಎಲ್ಲರಿಗೂ ಸಮಾಧಾನ. ಆದರೆ ಗಾಳಿ-ಮಳೆಗೆ ಕಂಬದಿಂದ ಮನೆಗೆ ಬರುವ ನ್ಯೂಟ್ರಲ್ ಕಡಿದ ದಿನ ಮನೆಯೊಳಗಿನ ಬಲ್ಬು, ಫ್ಯಾನುಗಳ ಮೂಲಕ ಫೇಸಿನ ಒತ್ತಡ ಪೂರ್ತಿ ಗಾಡಿಯ ಮೈಗೆ ಬಂದು ನಿಲ್ಲುತ್ತದೆ. ಯಾವ ಎಂಸಿಬಿಯೂ ಬೀಳೋದಿಲ್ಲ. ಇಂಥ ಜೋಡಣೆ ನಿಮ್ಮ ಮನೆಯಲ್ಲಿದ್ದರೆ ಇವತ್ತೇ ತೆಗೆಸಿ. ಇದರ ಬಗ್ಗೆ ನಾನು ಮೆತ್ತಗೆ ಬರೆಯಲಾರೆ.

ಕರೆಂಟ್ ಅಪಘಾತದ ಕ್ರೌರ್ಯ ಎಂಥದ್ದು ಅನ್ನೋದು ಈ ಭಾಗದವರಿಗೆ ಹೊಸದಲ್ಲ. 2023ರ ಆಗಸ್ಟ್‌ನಲ್ಲಿ ಬೆಳಗಾವಿಯ ಶಾಹೂನಗರದಲ್ಲಿ ಕಟ್ಟುತ್ತಿದ್ದ ಮನೆಯೊಂದರಲ್ಲಿ ರಾಮದುರ್ಗ ತಾಲ್ಲೂಕಿನ ಒಂದೇ ಕುಟುಂಬದ ಮೂವರು, ಅಜ್ಜ, ಅಜ್ಜಿ ಮತ್ತು ಮೊಮ್ಮಗಳು, ವಿದ್ಯುತ್ ತಗುಲಿ ಸತ್ತರು. ಅದು ಗಾಡಿಯ ಪ್ರಕರಣ ಅಲ್ಲ. ಆದರೆ ಒಬ್ಬರನ್ನು ಹಿಡಿದ ಕರೆಂಟ್ ಮನೆಮಂದಿಯನ್ನೆಲ್ಲ ಹೇಗೆ ಎಳೆದುಕೊಳ್ಳುತ್ತದೆ ಅನ್ನೋದಕ್ಕೆ ಅದಕ್ಕಿಂತ ಬೇರೆ ಉದಾಹರಣೆ ಬೇಡ. ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ಲೆಕ್ಕದಲ್ಲಿ ದೇಶದಲ್ಲಿ ವರ್ಷಕ್ಕೆ 12 ಸಾವಿರಕ್ಕೂ ಹೆಚ್ಚು ಜನ ವಿದ್ಯುತ್ ಆಘಾತದಿಂದ ಸಾಯುತ್ತಿದ್ದಾರೆ.

ಜೋಡಿ ತಪ್ಪಿದ ಚಾರ್ಜರ್

ಇನ್ನೊಂದು ಅಪಾಯ ಗೋಡೆಯ ಈಚೆಗಿದೆ. "48 ವೋಲ್ಟ್ ಬ್ಯಾಟರಿ, 48 ವೋಲ್ಟ್ ಚಾರ್ಜರ್, ಮತ್ತೇನು?" ಅನ್ನೋ ಮಾತು ಗ್ಯಾರೇಜುಗಳಲ್ಲಿ ಸಾಮಾನ್ಯ. ಆದರೆ 48 ಅನ್ನೋದು ಬರೀ ಹೆಸರು. 13 ಸೆಲ್‌ಗಳನ್ನು ಸರಣಿಯಲ್ಲಿ ಕಟ್ಟಿದ ಎನ್‌ಎಂಸಿ ಲಿಥಿಯಂ ಪ್ಯಾಕ್ ತುಂಬೋದು 54.6 ವೋಲ್ಟಿಗೆ, ಅಂದರೆ ಸೆಲ್ಲಿಗೆ 4.2 ವೋಲ್ಟ್. 16 ಸೆಲ್‌ನ ಲಿಥಿಯಂ ಫಾಸ್ಫೇಟ್ ಪ್ಯಾಕ್ ತುಂಬೋದು 58.4ಕ್ಕೆ. ನಾಲ್ಕು ಲೆಡ್ ಆಸಿಡ್ ಬ್ಯಾಟರಿಗಳ ಸೆಟ್ಟಿಗೆ ಸುಮಾರು 57.6 ಬೇಕು. ಮೂರಕ್ಕೂ ಅಂಗಡಿಯಲ್ಲಿ ಹೆಸರು "48 ವೋಲ್ಟ್".

ಲೆಡ್ ಆಸಿಡ್ ತೆಗೆಸಿ ಲಿಥಿಯಂ ಹಾಕಿಸಿದವರು ಹಳೇ ಚಾರ್ಜರನ್ನೇ ಮುಂದುವರಿಸಿದರೆ ಎನ್‌ಎಂಸಿಯ ಪ್ರತಿ ಸೆಲ್ಲಿಗೆ 4.4 ವೋಲ್ಟ್ ದಾಟಿ ನುಗ್ಗುತ್ತದೆ. ಆಗ ಉಳಿಯೋದು ಬಿಎಂಎಸ್ ಅನ್ನೋ ಒಂದು ಕಾವಲು ಬೋರ್ಡ್ ಮಾತ್ರ. ಅದು ಕಳಪೆಯದಾಗಿದ್ದರೆ, ಅಥವಾ ಪದೇಪದೇ ಆಫ್ ಆಗುತ್ತೆ ಅಂತ ಅದನ್ನು ದಾಟಿಸಿ ತಂತಿ ಕೊಟ್ಟಿದ್ದರೆ, ಸೆಲ್ ಬಿಸಿಯಾಗಿ ಹೊಗೆ ಉಗುಳುವವರೆಗೆ ಅದನ್ನು ತಡೆಯೋರೇ ಇಲ್ಲ. ಲೆಡ್ ಆಸಿಡ್ ಅಂದರೆ ಪೂರ್ತಿ ನಿರಪಾಯ ಅಂತಲೂ ಅಲ್ಲ. ಹೆಚ್ಚು ಚಾರ್ಜ್ ಆದರೆ ಅದು ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ ಶೇ 4ರಷ್ಟು ಸೇರಿದರೆ ಕಿಡಿಗೆ ಸಿಡಿಯುವ ಅನಿಲ ಅದು. ಕಿಟಕಿಯಿಲ್ಲದ ಕೋಣೆ ಅದಕ್ಕೆ ಜಾಗ ಅಲ್ಲ.

ಕನೆಕ್ಟರ್ ವಿಷಯ ಇನ್ನೂ ವಿಚಿತ್ರ. ಅಗ್ಗದ ಎಷ್ಟೋ ಚಾರ್ಜರುಗಳಲ್ಲಿ ಬ್ಯಾಟರಿಗೆ ಹೋಗುವ ತುದಿ ಕಂಪ್ಯೂಟರಿನ ಕರೆಂಟ್ ಕೇಬಲ್ಲಿನ ತುದಿಯ ಹಾಗೇ ಇರುತ್ತದೆ. ಮನೆಯಲ್ಲಿ ಯಾರೋ ಹುಡುಗರು ಕಂಪ್ಯೂಟರ್ ಕೇಬಲ್ ತಂದು ಗಾಡಿಗೆ ಚುಚ್ಚಿದರೆ 230 ವೋಲ್ಟ್ ನೇರ ಬ್ಯಾಟರಿಗೇ ಹೋಯಿತು. ಗಾಡಿ ಕಟ್ಟುವವರು ಬೇರೆ ಆಕಾರದ ಕನೆಕ್ಟರ್ ಹಾಕಿ, ಪ್ಯಾಕ್ ಮತ್ತು ಚಾರ್ಜರ್ ಎರಡರ ಮೇಲೂ ತುಂಬುವ ವೋಲ್ಟೇಜ್ ಎಷ್ಟು ಅಂತ ಪೇಂಟಿನಲ್ಲಿ ಬರೆದರೆ ಈ ಅರ್ಧ ಅಪಾಯ ಖರ್ಚಿಲ್ಲದೆ ಹೋಗುತ್ತದೆ.

ಕಾರ್ಖಾನೆಯಲ್ಲಿ ತಯಾರಾದ ಗಾಡಿಗಳೇ ಮನೆಯಲ್ಲಿ ಸುಟ್ಟಿರುವಾಗ ಇದನ್ನು ಉಡಾಫೆ ಮಾಡೋಕೆ ಆಗೋದಿಲ್ಲ. 2022ರ ಮಾರ್ಚ್‌ನಲ್ಲಿ ತಮಿಳುನಾಡಿನ ವೆಲ್ಲೂರಿನಲ್ಲಿ ರಾತ್ರಿ ಚಾರ್ಜ್‌ಗೆ ಇಟ್ಟಿದ್ದ ಸ್ಕೂಟರ್ ಹೊತ್ತಿಕೊಂಡು ತಂದೆ-ಮಗಳು ಹೊಗೆಯಲ್ಲಿ ಉಸಿರುಗಟ್ಟಿ ಸತ್ತರು. ಅದೇ ವರ್ಷ ಮುಂಬೈ ಬಳಿಯ ವಸಾಯಿಯಲ್ಲಿ ಮನೆಯೊಳಗೆ ಚಾರ್ಜ್ ಆಗುತ್ತಿದ್ದ ಬ್ಯಾಟರಿ ಸ್ಫೋಟಗೊಂಡು ಏಳು ವರ್ಷದ ಹುಡುಗ ತೀರಿಕೊಂಡ. 2023ರ ಮಾರ್ಚ್‌ನಲ್ಲಿ ನಮ್ಮ ಮಂಡ್ಯ ಜಿಲ್ಲೆಯ ವಳಗೆರೆಹಳ್ಳಿಯಲ್ಲಿ ಚಾರ್ಜ್‌ಗೆ ಹಾಕಿದ ಸ್ಕೂಟರ್ ಸಿಡಿದು ಮನೆಯ ಸಾಮಾನು ಸುಟ್ಟಿತು. 2022ರ ಸರಣಿ ಬೆಂಕಿಯ ನಂತರ ಕೇಂದ್ರ ಸರ್ಕಾರ ಎಐಎಸ್-156 ಎಂಬ ಬ್ಯಾಟರಿ ಮಾನದಂಡವನ್ನು ಬಿಗಿ ಮಾಡಿತು. ಆ ಬಿಗಿ ಕಂಪನಿಗಳಿಗೆ ತಟ್ಟಿತು. ಮನೆಯಲ್ಲಿ ಕಟ್ಟಿದ ಪ್ಯಾಕಿನವರೆಗೆ ಅದು ಬರೋದೇ ಇಲ್ಲ.

ಕಾನೂನಿನ ಸಂದಿಯಲ್ಲಿ ಸಿಕ್ಕ ಮನೆ

ಕಾನೂನು ಇಲ್ಲ ಅಂತಲ್ಲ. 250 ವ್ಯಾಟ್‌ಗಿಂತ ಕಡಿಮೆ ಮೋಟಾರ್, ಗಂಟೆಗೆ 25 ಕಿಲೋಮೀಟರ್‌ಗಿಂತ ಕಡಿಮೆ ವೇಗ, ಬ್ಯಾಟರಿ ಬಿಟ್ಟು 60 ಕೆ.ಜಿ. ಮೀರದ ತೂಕ ಇದ್ದರೆ ಅದನ್ನು ಮೋಟಾರು ವಾಹನ ಅಂತ ಪರಿಗಣಿಸೋದಿಲ್ಲ, ಆದರೆ ಆ ಮಾದರಿಗೂ ಪರೀಕ್ಷಾ ಸಂಸ್ಥೆಯ ಒಪ್ಪಿಗೆ ಬೇಕು. ಅದಕ್ಕಿಂತ ದೊಡ್ಡದಾದರೆ ನೋಂದಣಿ, ವಿಮೆ ಎಲ್ಲ ಬೇಕು. ಪೆಟ್ರೋಲ್ ಗಾಡಿ ಬದಲಿಸಬೇಕಾದರೆ ಅನುಮೋದಿತ ಕಿಟ್ ಮಾತ್ರ ಹಾಕಿಸಬೇಕು. ವೆಲ್ಡಿಂಗ್ ಅಂಗಡಿಯ ಬಂಡಿ ಇದ್ಯಾವುದರಲ್ಲೂ ಕೂರೋದಿಲ್ಲ. ಅಪಘಾತವಾದರೆ ವಿಮೆಯೂ ಸಿಗೋದಿಲ್ಲ ಅನ್ನೋದನ್ನು ಕಟ್ಟಿಸಿಕೊಳ್ಳುವವರು ಮೊದಲೇ ತಿಳಿದಿರಬೇಕು.

ಚಾರ್ಜಿಂಗ್ ಕಡೆಯ ನಿಯಮ ಇನ್ನೂ ಕುತೂಹಲಕರ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಾವಳಿಗೆ 2019ರಲ್ಲಿ ಎಲೆಕ್ಟ್ರಿಕ್ ವಾಹನ ಚಾರ್ಜಿಂಗ್‌ಗೇ ಒಂದು ಅಧ್ಯಾಯ ಸೇರಿಸಿದರು. ಸಾಕೆಟ್ ನೆಲದಿಂದ ಕನಿಷ್ಠ 800 ಮಿಲಿಮೀಟರ್ ಎತ್ತರ ಇರಬೇಕು, 30 ಮಿಲಿಆಂಪಿಯರಿಗೆ ಕಡಿಯುವ ಸಾಧನ ಇರಬೇಕು, ಎಕ್ಸ್‌ಟೆನ್ಷನ್ ಕೇಬಲ್ ಬಳಸಕೂಡದು, ಗಾಡಿ ನಿಲ್ಲುವ ಜಾಗ ಚಾರ್ಜಿಂಗ್ ಪಾಯಿಂಟಿನಿಂದ 5 ಮೀಟರ್ ಒಳಗಿರಬೇಕು. ಒಂದೊಂದೂ ಅರ್ಥವುಳ್ಳ ಮಾತು. ಆದರೆ ಇವನ್ನು ಪಾಲಿಸಿದ್ದಾರಾ ಅಂತ ಯಾರಾದರೂ ಹೋಗಿ ನೋಡೋದು ವ್ಯಾಪಾರಕ್ಕೆ ಇಟ್ಟ ಕೇಂದ್ರಗಳಲ್ಲಿ. ಪಡಸಾಲೆಯಲ್ಲಿ ಅಲ್ಲ.

ಇನ್ನು ಮನೆಗಳ ಸಾಮಾನ್ಯ ನಿಯಮ. 2010ರ ನಿಯಮಾವಳಿ ಮತ್ತು ಅದರ ತಿದ್ದುಪಡಿಯಲ್ಲಿ ಗೃಹ ಸಂಪರ್ಕಗಳಿಗೆ 30 ಮಿಲಿಆಂಪಿಯರಿನ ಸೋರಿಕೆ ರಕ್ಷಣೆ ಕಡ್ಡಾಯ ಮಾಡಿದರು, ಆದರೆ 2 ಕಿಲೋವ್ಯಾಟ್‌ಗಿಂತ ಕಡಿಮೆ ಹೊರೆಯ ಸಂಪರ್ಕಗಳನ್ನು ಹೊರಗಿಟ್ಟರು. ಚಿಕ್ಕ ಮನೆಯಲ್ಲಿ ದೊಡ್ಡ ಉಪಕರಣ ಇರೋದಿಲ್ಲ ಅನ್ನೋ ಲೆಕ್ಕ ಅದರ ಹಿಂದೆ ಇದ್ದಿರಬೇಕು. ಈಗ ಅದೇ ಚಿಕ್ಕ ಮನೆಗೆ ಗಾಡಿ ಬಂದಿದೆ. ಅಂದರೆ ಬಂಗಲೆಗೆ ಆರ್‌ಸಿಸಿಬಿ ಕಡ್ಡಾಯ, ಮಣ್ಣಿನ ನೆಲದ ಮೇಲೆ ಬರಿಗಾಲಲ್ಲಿ ಓಡಾಡುವವರ ಮನೆಗೆ ಐಚ್ಛಿಕ. ರಕ್ಷಣೆ ಹೆಚ್ಚು ಬೇಕಾದ ಕಡೆಯೇ ಅದನ್ನು ಬಿಟ್ಟುಬಿಟ್ಟಂತಾಯಿತು.

ಹೆಸ್ಕಾಂ ಕೇಳಿದರೆ ಮೀಟರ್‌ವರೆಗೆ ಮಾತ್ರ ನಮ್ಮ ಜವಾಬ್ದಾರಿ ಅನ್ನುತ್ತದೆ, ಅದು ನಿಯಮದ ಪ್ರಕಾರ ಸರಿಯೂ ಹೌದು. ಹಾಗಾದರೆ ಮೀಟರಿನ ಆಚೆಯ ಸಾವು ಯಾರ ಲೆಕ್ಕಕ್ಕೆ?

ನಿಷೇಧ ಬೇಡ, ನಾಲ್ಕು ಕೆಲಸ ಬೇಕು

ಇಂಥ ಗಾಡಿಗಳನ್ನು ಹಿಡಿದು ಜಪ್ತಿ ಮಾಡಿ ಅನ್ನೋ ಸಲಹೆ ಬಂದೇ ಬರುತ್ತದೆ. ಅದರಿಂದ ಆಗೋದು ಒಂದೇ: ಮನೆ ಮುಂದಿನ ಕಟ್ಟೆಯಲ್ಲಿ ಚಾರ್ಜ್ ಆಗುತ್ತಿದ್ದ ಗಾಡಿ ಯಾರಿಗೂ ಕಾಣದ ಹಾಗೆ ಒಳಮನೆಗೆ ಹೋಗುತ್ತದೆ. ಅಪಾಯ ಇನ್ನೂ ಹೆಚ್ಚು. ಅಲ್ಲದೆ ಕಂಪನಿ ಗಾಡಿಯನ್ನೂ ಜನ ಅದೇ ಸಾಕೆಟ್ಟಿಗೇ ಚುಚ್ಚುತ್ತಾರೆ. ಸಾಕೆಟ್ ಸರಿಮಾಡದೆ ಗಾಡಿಯನ್ನು ಮಾತ್ರ ಬೈದರೆ ಪ್ರಯೋಜನ ಇಲ್ಲ.

ಮೊದಲನೆಯದು, ಆರ್‌ಸಿಸಿಬಿ ಮತ್ತು ಅರ್ಥಿಂಗ್‌ಗೆ ಸರ್ಕಾರ ನೆರವು ಕೊಡಬೇಕು. ಉಚಿತ ವಿದ್ಯುತ್ತಿಗೆ ವರ್ಷಕ್ಕೆ ಸಾವಿರಾರು ಕೋಟಿ ಕೊಡುತ್ತಿರುವಾಗ, ಬಡವರ ಮನೆಗೆ ಒಂದು ಸಲದ ಎರಡು ಸಾವಿರ ರೂಪಾಯಿ ಸಾಧನವನ್ನು ಅದೇ ಯೋಜನೆಯ ಭಾಗ ಮಾಡೋದು ಅಸಾಧ್ಯ ಅಲ್ಲ. ಭಾಗ್ಯಜ್ಯೋತಿ, ಕುಟೀರಜ್ಯೋತಿ ಮನೆಗಳಿಂದಲೇ ಶುರುಮಾಡಬಹುದು. ಕರೆಂಟ್ ಉಚಿತ ಕೊಟ್ಟ ಮೇಲೆ ಅದರಿಂದ ಜೀವ ಉಳಿಯೋ ವ್ಯವಸ್ಥೆಯನ್ನೂ ಕೊಡಬೇಕಲ್ಲ.

ಎರಡನೆಯದು, ಹೆಸ್ಕಾಂ ಶಾಖಾ ಕಚೇರಿಗಳಲ್ಲಿ ಕೇಳಿದವರ ಮನೆಗೆ ಬಂದು ಅರ್ಥಿಂಗ್ ಪರೀಕ್ಷಿಸಿಕೊಡುವ ಸೇವೆ ಬೇಕು. ದಂಡ ಹಾಕ್ತಾರೆ, ಲೋಡ್ ಜಾಸ್ತಿ ಅಂತ ಬಿಲ್ ಮಾಡ್ತಾರೆ ಅನ್ನೋ ಭಯ ಇದ್ದರೆ ಯಾರೂ ಕರೆಯೋದಿಲ್ಲ. ಪರೀಕ್ಷೆಗೂ ದಂಡಕ್ಕೂ ಸಂಬಂಧ ಇಲ್ಲ ಅಂತ ಮೊದಲೇ ಸಾರಬೇಕು. ಬೇಸಿಗೆಯಲ್ಲಿ, ಎರೆ ಬಿರಿದಾಗ, ಈ ಪರೀಕ್ಷೆ ನಡೆಯಬೇಕು.

ಮೂರನೆಯದು, ಗಾಡಿ ಕಟ್ಟುವ ಮೆಕ್ಯಾನಿಕ್‌ಗಳಿಗೆ ಐಟಿಐಗಳಲ್ಲಿ ವಾರದ ತರಬೇತಿ. ಬಿಎಂಎಸ್ ಯಾಕೆ ದಾಟಿಸಬಾರದು, ಚಾರ್ಜರ್ ಜೋಡಿ ಹೇಗೆ ನೋಡಬೇಕು, ಗಾಡಿಯ ಲೋಹದ ಮೈಗೆ ಅರ್ಥ್ ತಂತಿ ಹೇಗೆ ಕೂಡಿಸಬೇಕು. ಇವರು ಕಲಿಯೋಕೆ ತಯಾರಿದ್ದಾರೆ ಅನ್ನೋದು ಅವರ ಕೆಲಸದಲ್ಲೇ ಕಾಣುತ್ತದೆ. ನಾಲ್ಕನೆಯದು, ಗ್ರಾಮ ಪಂಚಾಯಿತಿ ಅಥವಾ ಎಪಿಎಂಸಿ ಆವರಣದಲ್ಲಿ ಗಾಳಿಯಾಡುವ ಒಂದು ಶೆಡ್, ಸರಿಯಾದ ಅರ್ಥಿಂಗ್ ಇರುವ ಹತ್ತು ಸಾಕೆಟ್. ಮನೆಯಲ್ಲಿ ಜಾಗ ಇಲ್ಲದವರಿಗೆ, ಇ-ರಿಕ್ಷಾದವರಿಗೆ ಇದು ದೊಡ್ಡ ಆಸರೆ.

ಇವೆಲ್ಲ ಆಗುವವರೆಗೆ ಮನೆಯವರು ಕಾಯಬೇಕಿಲ್ಲ. ಚಾರ್ಜರಿಗೆ ಅಂತಲೇ ಮೇನ್ ಬೋರ್ಡಿನಿಂದ ಬೇರೆ ತಂತಿ ಎಳೆಸಿ, 16 ಆಂಪಿಯರ್ ಸಾಕೆಟ್ ಹಾಕಿಸಿ. ಎರಡು ಪಿನ್ನಿನ ಅಡಾಪ್ಟರ್, ಎಕ್ಸ್‌ಟೆನ್ಷನ್ ಬಾಕ್ಸ್ ಬೇಡ. ಆರ್‌ಸಿಸಿಬಿ ಇದ್ದರೆ ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ ನೋಡಿ. ಪದೇಪದೇ ಬೀಳುತ್ತಿದ್ದರೆ ಅದನ್ನು ತೆಗೆಸಬೇಡಿ, ಸೋರಿಕೆ ಎಲ್ಲಿ ಅಂತ ಹುಡುಕಿಸಿ. ಬಿಸಿಲಲ್ಲಿ ಓಡಿಸಿ ಬಂದ ಕೂಡಲೇ ಚಾರ್ಜ್‌ಗೆ ಹಾಕಬೇಡಿ, ಬ್ಯಾಟರಿ ಆರಲಿ. ಮಲಗುವ ಕೋಣೆ, ಹೊರಹೋಗುವ ಬಾಗಿಲ ದಾರಿ, ಹತ್ತಿ-ಮೇವು ಇಟ್ಟ ಜಾಗ, ಈ ಮೂರೂ ಕಡೆ ಚಾರ್ಜಿಂಗ್ ಬೇಡ. ಸಾಧ್ಯವಾದಷ್ಟು ಎಚ್ಚರ ಇರುವ ಹೊತ್ತಲ್ಲೇ ಚಾರ್ಜ್ ಮುಗಿಸಿ.

ಯಾರಿಗಾದರೂ ಕರೆಂಟ್ ಹಿಡಿದರೆ ಮೊದಲು ಮೇನ್ ಆಫ್ ಮಾಡಿ, ಆಮೇಲೆ ಅವರನ್ನು ಮುಟ್ಟಿ. ಮೇನ್ ಎಲ್ಲಿದೆ ಅನ್ನೋದು ಮನೆಯ ಮಕ್ಕಳಿಗೂ ಗೊತ್ತಿರಲಿ. ಬ್ಯಾಟರಿಯಿಂದ ಹೊಗೆ ಬಂದರೆ ಗಾಡಿ ಉಳಿಸೋಕೆ ಹೋಗದೆ ಎಲ್ಲರೂ ಹೊರಬಂದು 112ಕ್ಕೆ ಫೋನ್ ಮಾಡಿ. ಆ ಹೊಗೆ ವಿಷ. ಕಂಬದಲ್ಲಿ ತಂತಿ ಕಡಿದಿದ್ದು, ಕರೆಂಟ್ ಏರಿಳಿತ ಕಂಡರೆ 1912.

ಪೆಟ್ರೋಲ್ ಉಳಿಸೋಕೆ ತಲೆ ಓಡಿಸಿದ ಊರು ಇದು, ಅರ್ಥಿಂಗ್ ಪೈಪಿಗೆ ಒಂದು ಕೊಡ ನೀರು ಹೊಯ್ಯೋದನ್ನೂ ಕಲಿಯುತ್ತೆ. ಆ ಪೈಪ್ ಇಲ್ಲದ ಮನೆಗೆ ಅದನ್ನು ಹಾಕಿಸೋದು ಮಾತ್ರ ಸರ್ಕಾರದ ಕೆಲಸ. ಮುಂದಿನ ಬಜೆಟ್ ಹೊತ್ತಿಗೆ ನಮ್ಮ ನಾಲ್ಕು ತಾಲ್ಲೂಕಿನ ಶಾಸಕರು ಇದನ್ನೊಂದು ಪ್ರಶ್ನೆಯಾಗಿ ಎತ್ತಲಿ, ಕೇಳೋಕೆ ದೊಡ್ಡ ಮೊತ್ತವೇನೂ ಇಲ್ಲ.